ಮುಟ್ಟಿದ್ದು ಗೊತ್ತಾಯ್ತಾ?

ಏಳೆಂಟು ವರ್ಷದ ಹಿಂದಿನ ಒಂದು ಸೋಮವಾರ. ನಮ್ಮ ಪಾದ ಚಿಕಿತ್ಸಾ ವಿಭಾಗಕ್ಕೆ ಮದ್ದೂರು ಕಡೆಯ ರೈತರೊಬ್ಬರು ಬಂದರು. ಬಲಗಾಲಲ್ಲಿ ಹವಾಯಿ ಚಪ್ಪಲಿ ಇತ್ತು, ಎಡಗಾಲು ಬರಿಗಾಲು.

"ಇನ್ನೊಂದೆಲ್ಲಿ ಯಜಮಾನ್ರೇ?" ಅಂದೆ.

ಬಗ್ಗಿ ನೋಡಿಕೊಂಡರು. "ಅಯ್ಯೋ! ಬಸ್ಸಲ್ಲೇ ಬಿಟ್ಟೋಯ್ತು ಅಂತ ಕಾಣ್ತದೆ ಡಾಕ್ಟ್ರಮ್ಮ" ಎಂದು ನಗತೊಡಗಿದರು. ಬಸ್ ಸ್ಟ್ಯಾಂಡಿನಿಂದ ನಮ್ಮ ಗೇಟಿಗೆ ಅರ್ಧ ಕಿಲೋಮೀಟರ್. ಆಗ ಆ ರಸ್ತೆಗೆ ಜಲ್ಲಿ ಸುರಿದು, ಟಾರು ಹಾಕದೆ ಬಿಟ್ಟಿದ್ದರು. ಅಷ್ಟು ದೂರವೂ ಅವರು ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಏನೂ ಇಲ್ಲದೆ ನಡೆದು ಬಂದಿದ್ದರು. ನಾನು ಕೇಳುವವರೆಗೂ ಅದು ಅವರಿಗೆ ತಿಳಿದಿರಲಿಲ್ಲ. ಅವರಿಗೆ ನಗು ಬಂತು, ನನಗೆ ಬರಲಿಲ್ಲ.

ನಾನು ಡಾಕ್ಟರಲ್ಲ, ಫಿಸಿಯೋಥೆರಪಿಸ್ಟ್. ಎಷ್ಟು ಸಲ ಹೇಳಿದರೂ ನಮ್ಮ ಕಡೆಯವರು 'ಡಾಕ್ಟ್ರಮ್ಮ' ಬಿಡುವುದಿಲ್ಲ, ನಾನೂ ಹೇಳುವುದು ಬಿಟ್ಟಿದ್ದೇನೆ. ಈ ಕೆಲಸಕ್ಕೆ ಇಪ್ಪತ್ತೆರಡು ವರ್ಷವಾಯಿತು. ಮೊದಲ ಐದು ವರ್ಷ ಕುಷ್ಠರೋಗದ ಆಸ್ಪತ್ರೆಯಲ್ಲಿದ್ದೆ, ಆಮೇಲಿನದೆಲ್ಲ ಸಕ್ಕರೆ ಕಾಯಿಲೆಯವರ ಕಾಲುಗಳ ಜೊತೆ. ಎರಡು ಕಡೆಯೂ ಕೆಲಸ ಒಂದೇ: ಚರ್ಮ ಒತ್ತಡವನ್ನು ಹೇಗೆ ತಿಳಿಯುತ್ತದೆ, ತಿಳಿಯದಾದಾಗ ಏನಾಗುತ್ತದೆ ಎಂದು ನೋಡುತ್ತಿರುವುದು. ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಹೇಳುತ್ತ ಬಂದದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

1. ಕಾಲಿಗಿಂತ ಮೊದಲು ಚಪ್ಪಲಿ ನೋಡಿ

ಆವತ್ತಿನಿಂದ ನಾನು ಬಂದವರ ಚಪ್ಪಲಿಯನ್ನು ಕೈಗೆತ್ತಿಕೊಂಡೇ ನೋಡುವುದು. ಹಿರಿಯರಿಗೆ ಮುಜುಗರವಾಗುತ್ತದೆ. "ಬುಡಿ ತಾಯಿ, ಚಪ್ಪಲಿ ಮುಟ್ಟಬ್ಯಾಡಿ" ಎಂದು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಆದರೆ ಒಳಮೈಯ ಮೇಲೆ ಕೈಯಾಡಿಸಿದರೆ ಬೇಕಾದಷ್ಟು ಸಿಗುತ್ತದೆ. ಬೆರಳು ಒತ್ತಿ ಒತ್ತಿ ಆದ ಗುಳಿ ಎಷ್ಟು ಆಳವಿದೆ, ಯಾವ ಬದಿ ಸವೆದಿದೆ, ಅಡಿಯಿಂದ ತೂರಿದ ಜಾಲಿ ಮುಳ್ಳಿನ ತುದಿ ಒಳಗೆ ಇಣುಕಿದೆಯೇ ಎಂಬುದೆಲ್ಲ ಕೈಗೆ ತಿಳಿಯುತ್ತದೆ. ಒಬ್ಬ ನಿವೃತ್ತ ಮೇಷ್ಟರ ಶೂ ಒಳಗಿಂದ ಚಿನ್ನದ ಓಲೆಯ ತಿರುಪು ಬಿತ್ತು. ಮನೆಯವರೆಲ್ಲ ಸೇರಿ ಎರಡು ದಿನ ಗುಡಿಸಿ ಹುಡುಕಿದ್ದ ತಿರುಪಂತೆ. ಮೇಷ್ಟರು ಅದರ ಮೇಲೆ ನಿಂತೇ ಹುಡುಕಿದ್ದರು.

ಹವಾಯಿ ಚಪ್ಪಲಿ ಕಾಲಲ್ಲಿ ನಿಲ್ಲುವುದು ಬಾರಿನಿಂದ ಎಂದು ನಾವಂದುಕೊಂಡಿರುತ್ತೇವೆ. ಅರ್ಧ ಕೆಲಸವನ್ನು ಚರ್ಮ ಮಾಡುತ್ತದೆ. ಹೆಬ್ಬೆರಳಿನ ಸಂದಿಯಲ್ಲಿ ಬಾರು ಒಂದಿಷ್ಟು ಜಾರಿದೊಡನೆ ಅಲ್ಲಿಂದ ಸುದ್ದಿ ಹೋಗುತ್ತದೆ, ಬೆರಳುಗಳು ಬಿಗಿಯುತ್ತವೆ. ದಿನಕ್ಕೆ ಎಷ್ಟು ಸಾವಿರ ಸಲ ಹೀಗಾಗುತ್ತದೋ, ಒಮ್ಮೆಯೂ ನಮ್ಮ ಗಮನಕ್ಕೆ ಬರುವುದಿಲ್ಲ. ಸುದ್ದಿ ನಿಂತರೆ ಬಿಗಿತವೂ ನಿಲ್ಲುತ್ತದೆ, ಚಪ್ಪಲಿ ಬಸ್ಸಿನಲ್ಲಿ ಉಳಿಯುತ್ತದೆ. ಅದಕ್ಕೇ ಈಗ ನಮ್ಮ ಪ್ರಶ್ನೆಪಟ್ಟಿಯಲ್ಲಿ 'ಕಾಲು ಉರಿ ಇದೆಯೇ, ಜೋಮು ಇದೆಯೇ' ಎಂಬುದರ ಜೊತೆಗೆ 'ಚಪ್ಪಲಿ ಕಳಚಿಹೋಗುತ್ತದೆಯೇ' ಎಂದೂ ಸೇರಿಸಿಕೊಂಡಿದ್ದೇವೆ.

2. ಚರ್ಮಕ್ಕೆ ಬದಲಾವಣೆಯದೇ ಹುಚ್ಚು

ಕಾಲುಂಗುರ ತೊಟ್ಟವರಿಗೆ ಅದರ ನೆನಪಿರುವುದಿಲ್ಲ. ಉಡಿದಾರ ಕಟ್ಟಿಕೊಂಡವರಿಗೂ ಅಷ್ಟೇ. ಹಣೆಯ ಮೇಲೆ ಕನ್ನಡಕ ಏರಿಸಿಕೊಂಡು ಮನೆಯೆಲ್ಲ ಹುಡುಕುವವರು ಎಲ್ಲರ ಮನೆಯಲ್ಲೂ ಒಬ್ಬರಿರುತ್ತಾರೆ. ಇವರ ನರಗಳಿಗೆ ಯಾವ ಕಾಯಿಲೆಯೂ ಇಲ್ಲ, ಚರ್ಮದ ಸ್ವಭಾವವೇ ಹಾಗೆ.

ಕೂದಲಿಲ್ಲದ ಚರ್ಮದಲ್ಲಿ, ಅಂದರೆ ಅಂಗೈ ಅಂಗಾಲುಗಳಲ್ಲಿ, ಒತ್ತಡವನ್ನು ಅರಿಯುವ ನಾಲ್ಕು ಬಗೆಯ ಗ್ರಾಹಕಗಳಿವೆ ಎಂದು ನಾವು ಕಲಿತದ್ದು. ನಾಲ್ಕಕ್ಕೂ ಕಂಡುಹಿಡಿದವರ ಹೆಸರೇ ಇದೆ. ಮೆರ್ಕೆಲ್ ಮತ್ತು ಮೈಸ್ನರ್ ಮೇಲ್ಪದರದ ಹತ್ತಿರ ಇರುತ್ತವೆ, ರುಫಿನಿ ಮತ್ತು ಪಚಿನಿ ಆಳದಲ್ಲಿ. ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆತಿದ್ದೆ. ಕೆಲಸಕ್ಕೆ ಸೇರಿದ ಮೇಲೆ ಅವುಗಳನ್ನು ಊರಿನ ನಾಲ್ಕು ಜನರಂತೆ ನೆನಪಿಟ್ಟುಕೊಂಡೆ. ಮೆರ್ಕೆಲ್ ಪಟ್ಟು ಹಿಡಿದು ಕೂರುವವನು, ಒತ್ತಿದಷ್ಟು ಹೊತ್ತೂ ಒಂದೇ ಸಮ ಹೇಳುತ್ತಲೇ ಇರುತ್ತಾನೆ. ಅಂಚು, ಮೂಲೆ, ಬ್ರೈಲ್ ಚುಕ್ಕೆ ಇವೆಲ್ಲ ಅವನ ಓದು. ಮೈಸ್ನರ್ ಜಾರುವುದನ್ನು ಕಾಯುವವನು. ಕೈಯಿಂದ ಲೋಟ ಜಾರುತ್ತಿದೆ, ಕಾಲಿಂದ ಚಪ್ಪಲಿ ಜಾರುತ್ತಿದೆ ಎಂಬ ಕೂಗು ಅವನದು. ರುಫಿನಿ ಚರ್ಮ ಎಳೆದುಕೊಂಡದ್ದನ್ನು ಹೇಳುತ್ತಾನೆ, ಬೆರಳು ಮಡಿಸಿದೆಯೋ ಚಾಚಿದೆಯೋ ತಿಳಿಯುವುದರಲ್ಲಿ ಅವನ ಪಾಲೂ ಇದೆ. ಪಚಿನಿ ಮಾತ್ರ ಬಾಗಿಲಲ್ಲಿ ನಿಂತು "ಬಂದ್ರು" ಎಂದು ಒಂದು ಸಲ, "ಹೋದ್ರು" ಎಂದು ಇನ್ನೊಂದು ಸಲ ಕೂಗಿ ಸುಮ್ಮನಾಗುವವನು. ನಡುವೆ ಎಷ್ಟು ಹೊತ್ತು ಕೂತಿದ್ದರು ಎಂಬುದು ಅವನಿಗೆ ಬೇಡ.

ಈ ಪಚಿನಿಯ ಕತೆ ನನಗೆ ಇಷ್ಟ. ಫಿಲಿಪ್ಪೊ ಪಚಿನಿ ಇಟಲಿಯ ಪಿಸ್ತೋಯಾ ಎಂಬ ಊರಿನ ವೈದ್ಯ ವಿದ್ಯಾರ್ಥಿ. 1831ರಲ್ಲಿ, ಇನ್ನೂ ಇಪ್ಪತ್ತು ತುಂಬದ ಹುಡುಗ, ಹೆಣದ ಕೈ ಬಿಡಿಸುವಾಗ ನರದ ಗುಂಟ ಸಣ್ಣ ಸಣ್ಣ ಕಾಳುಗಳನ್ನು ಕಂಡ. ಒಂದೊಂದೂ ಸುಮಾರು ಒಂದು ಮಿಲಿಮೀಟರ್, ಬರಿಗಣ್ಣಿಗೆ ಕಾಣುವಷ್ಟು. ಅವನಿಗೂ ತೊಂಬತ್ತು ವರ್ಷ ಮೊದಲು, 1741ರಲ್ಲಿ, ಜರ್ಮನಿಯ ಅಬ್ರಹಾಂ ಫಾಟರ್ ಅದನ್ನು ಕಂಡಿದ್ದ, ಲೋಕ ಮರೆತಿತ್ತು. ಕಾಳನ್ನು ಸೀಳಿ ನೋಡಿದರೆ ಈರುಳ್ಳಿಯಂತೆ ಪದರದ ಮೇಲೆ ಪದರ, ನಟ್ಟನಡುವೆ ಒಂದು ನರದ ತುದಿ. ಈ ಈರುಳ್ಳಿಯ ಕೆಲಸವೇನೆಂದು 1960ರ ದಶಕದಲ್ಲಿ ವರ್ನರ್ ಲೋವೆನ್‌ಸ್ಟೈನ್ ಪದರಗಳನ್ನು ಸುಲಿದು ತೋರಿಸಿದರು. ಪದರಗಳಿದ್ದಾಗ ಒತ್ತಿದೊಡನೆ ನರದ ತುದಿಯಲ್ಲಿ ಮಿಂಚಿ ಆರಿಹೋಗುತ್ತಿದ್ದ ವಿದ್ಯುತ್ ಸಂಕೇತ, ಸುಲಿದ ಮೇಲೆ ಬೇಗ ಆರದೆ ಉಳಿಯಿತು. ಎಂದರೆ ಒತ್ತಡ ನೆಲೆನಿಂತ ಕೂಡಲೇ ಪದರಗಳು ಜಾರಿ ಹೊಂದಿಕೊಂಡು ಒಳಗಿನ ತುದಿಯನ್ನು ಆ ಭಾರದಿಂದ ಬಿಡಿಸುತ್ತವೆ. ನಿಂತ ಭಾರವನ್ನು ಮರೆಯುವುದಕ್ಕೇ ಕಟ್ಟಿದ ಯಂತ್ರ ಅದು. ಆದರೆ ಸೆಕೆಂಡಿಗೆ 200-300 ಸಲದ ಕಂಪನವನ್ನು ಅದರಷ್ಟು ಚುರುಕಾಗಿ ಹಿಡಿಯುವುದು ಚರ್ಮದಲ್ಲಿ ಬೇರೊಂದಿಲ್ಲ.

ಪಟ್ಟು ಬಿಡದ ಮೆರ್ಕೆಲ್ ಕೂಡ ಹೊತ್ತು ಹೋದಂತೆ ದನಿ ತಗ್ಗಿಸುತ್ತಾನೆ. 1926ರಲ್ಲಿ ಇಂಗ್ಲೆಂಡಿನ ಎಡ್ಗರ್ ಏಡ್ರಿಯನ್ ಮತ್ತು ಸ್ವೀಡನ್ನಿನ ಇಂಗ್ವೆ ಜಾಟರ್‌ಮನ್ ಬೆಕ್ಕಿನ ಅಂಗಾಲಿನ ಮೆತ್ತೆಯನ್ನು ಒತ್ತಿ, ಅಲ್ಲಿಂದ ಹೊರಟ ನರದ ಮಿಡಿತಗಳನ್ನು ದಾಖಲಿಸಿದರು. ಜೋರಾಗಿ ಒತ್ತಿದರೆ ಮಿಡಿತ ದೊಡ್ಡದಾಗಲಿಲ್ಲ, ಒಂದರ ಹಿಂದೊಂದು ಬೇಗ ಬೇಗ ಬಂತು. ಒತ್ತಿ ಹಿಡಿದೇ ಇದ್ದರೆ ಮಿಡಿತ ವಿರಳವಾಗುತ್ತ ಹೋಯಿತು. ಏಡ್ರಿಯನ್ ಅವರಿಗೆ 1932ರಲ್ಲಿ ನೊಬೆಲ್ ಬಂತು.

ಇದನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣವಿದೆ. "ಹೊಸ ಶೂ ಮೊದಲ ದಿನ ಒತ್ತುತ್ತಿತ್ತು, ಈಗ ಅಡ್ಜಸ್ಟ್ ಆಗಿದೆ" ಎಂದು ಯಾರಾದರೂ ಹೇಳಿದರೆ ಅಡ್ಜಸ್ಟ್ ಆಗಿರುವುದು ಶೂ ಎಂದು ನಂಬಬೇಡಿ. ಸಾಕ್ಸ್ ಬಿಚ್ಚಿಸಿ.

3. ಟೇಲ್ ಎಂಡ್‌ಗೆ ನೀರು ಬರುವುದಿಲ್ಲ

"ಸಕ್ಕರೆ ಮೈಯೆಲ್ಲ ಇರೋವಾಗ ಕಾಲೇ ಯಾಕೆ ಮೊದಲು ಕೆಡ್ತದೆ?" ಎಂದು ಎಲ್ಲರೂ ಕೇಳುತ್ತಾರೆ. ಮಂಡ್ಯ ಜಿಲ್ಲೆಯಲ್ಲಿ ಇದಕ್ಕೆ ಉತ್ತರ ಹೇಳುವುದು ಬಹಳ ಸುಲಭ.

ಹೆಬ್ಬೆರಳಿನ ತುದಿಯ ಸ್ಪರ್ಶವನ್ನು ಒಯ್ಯುವ ನರತಂತುವಿನ ಜೀವಕೋಶ ಇರುವುದು ಸೊಂಟದ ಹತ್ತಿರ, ಬೆನ್ನುಹುರಿಯ ಪಕ್ಕದಲ್ಲಿ. ಅಲ್ಲಿಂದ ಬೆರಳಿಗೆ ಸುಮಾರು ಒಂದು ಮೀಟರ್. ಅಷ್ಟು ಉದ್ದಕ್ಕೂ ಬೇಕಾದ ಬಹಳಷ್ಟು ಸಾಮಗ್ರಿ ಆ ಒಂದು ಕೋಶದಿಂದಲೇ ಹರಿದು ಬರಬೇಕು. "ನಿಮ್ಮ ವಿಶ್ವೇಶ್ವರಯ್ಯ ನಾಲೆ ಇದ್ದ ಹಾಗೆ" ಎನ್ನುತ್ತೇನೆ. "ಡ್ಯಾಮಲ್ಲಿ ನೀರು ಕಮ್ಮಿಯಾದ್ರೆ ಮೊದಲು ಒಣಗೋದು ಯಾರ ಗದ್ದೆ?" "ಟೇಲ್ ಎಂಡ್‌ನೋರ್ದು" ಎಂದು ಅವರೇ ಹೇಳುತ್ತಾರೆ. ಮುಂದೆ ವಿವರಿಸುವ ಕೆಲಸವಿಲ್ಲ. ಮರಗಟ್ಟುವಿಕೆ ಎರಡೂ ಪಾದದಲ್ಲಿ ಸರಿಸಮನಾಗಿ, ಬೆರಳಿನಿಂದ ಶುರುವಾಗಿ ಸಾಕ್ಸ್ ಏರಿದಂತೆ ಮೇಲೇರುತ್ತದೆ. ಅದು ಮೊಣಕಾಲಿನ ಹತ್ತಿರ ಬರುವ ಹೊತ್ತಿಗೆ ಕೈಬೆರಳ ತುದಿಗಳೂ ಮರಗಟ್ಟತೊಡಗುತ್ತವೆ. ಒಂದೇ ಕಾಲು ಮರಗಟ್ಟಿದ್ದರೆ ಬರೀ ಸಕ್ಕರೆಯ ಮೇಲೆ ಗೂಬೆ ಕೂರಿಸದೆ ಸೊಂಟವನ್ನೂ ನೋಡಿಸಬೇಕು.

ಕುಷ್ಠರೋಗ ಹೀಗೆ ಲೆಕ್ಕಾಚಾರವಾಗಿ ಬರುವುದಿಲ್ಲ. ಅದು ಮೈಯ ತಂಪು ಜಾಗ ಹುಡುಕಿಕೊಂಡು ಹೋಗುತ್ತದೆ, ತೇಪೆ ತೇಪೆಯಾಗಿ ಮರಗಟ್ಟಿಸುತ್ತದೆ.

4. 'ಗೊತ್ತಾಯ್ತಾ' ಎಂದು ಕೇಳಬೇಡಿ

ಇದು ನನ್ನ ತಪ್ಪಿನಿಂದ ಕಲಿತದ್ದು.

ನಮ್ಮ ಮುಖ್ಯ ಆಯುಧ ಒಂದು ನೈಲಾನ್ ಎಳೆ, ಮೊನೊಫಿಲಮೆಂಟ್. ಪೊರಕೆಕಡ್ಡಿಯ ತುಂಡಿನಷ್ಟು ಉದ್ದ, ಹಿಡಿಯಲು ಒಂದು ಪ್ಲಾಸ್ಟಿಕ್ ಕಡ್ಡಿ. ಇದರ ಮುತ್ತಜ್ಜ ಕುದುರೆಯ ಬಾಲದ ಕೂದಲು. 1890ರ ದಶಕದಲ್ಲಿ ಜರ್ಮನಿಯ ಮ್ಯಾಕ್ಸ್ ಫಾನ್ ಫ್ರೈ ಬೇರೆ ಬೇರೆ ದಪ್ಪದ ಕೂದಲುಗಳನ್ನು ಕಡ್ಡಿಗೆ ಅಂಟಿಸಿ ಚರ್ಮಕ್ಕೆ ಚುಚ್ಚಿ ನೋಡುತ್ತಿದ್ದರು. ಆಮೇಲೆ ಅಮೆರಿಕದ ಸೆಮ್ಸ್ ಮತ್ತು ವೈನ್‌ಸ್ಟೈನ್ ಕೂದಲಿನ ಜಾಗಕ್ಕೆ ನೈಲಾನ್ ತಂದರು. ಇದರ ಜಾಣತನ ಬಾಗುವುದರಲ್ಲಿದೆ. ನೇರ ನಿಂತ ಎಳೆಯನ್ನು ಒತ್ತುತ್ತ ಹೋದರೆ ಒಂದು ಹಂತದಲ್ಲಿ ಬಿಲ್ಲಿನಂತೆ ಬಾಗುತ್ತದೆ. ಬಾಗಿದ ಮೇಲೆ ನೀವು ಎಷ್ಟೇ ಅದುಮಿದರೂ ಚರ್ಮದ ಮೇಲಿನ ಒತ್ತು ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಗರಡಿಯ ಪೈಲ್ವಾನ್ ಒತ್ತಿದರೂ, ಹೊಸದಾಗಿ ಸೇರಿದ ಅಂಜುಬುರುಕ ಹುಡುಗಿ ಒತ್ತಿದರೂ 10 ಗ್ರಾಂ. ಹಿಡಿಕೆಯ ಮೇಲೆ 5.07 ಎಂದು ಬರೆದಿರುವುದನ್ನು ಕಂಡು ಐದು ಗ್ರಾಂ ಎಂದುಕೊಳ್ಳುವವರಿದ್ದಾರೆ, ಅದು ಲಾಗರಿದಂ ಲೆಕ್ಕದ ಅಂಕಿ.

ಮೊದಲ ವರ್ಷ ನಾನು ಎಳೆ ಒತ್ತುವುದು, "ಗೊತ್ತಾಯ್ತಾ?" ಎನ್ನುವುದು, ಅವರು "ಹೂಂ" ಎನ್ನುವುದು. ಮತ್ತೆ ಒತ್ತುವುದು, "ಈಗ?", "ಹೂಂ". ಹತ್ತಕ್ಕೆ ಹತ್ತು ಅಂಕ. ಒಬ್ಬ ಅಜ್ಜಿಗೆ ಹಾಗೆ ಹತ್ತು ಅಂಕ ಕೊಟ್ಟು ಕಳಿಸಿದೆ. ಎರಡು ತಿಂಗಳಿಗೆ ಅದೇ ಅಜ್ಜಿ ಅಂಗಾಲಿನಲ್ಲಿ ರೂಪಾಯಿ ಅಗಲದ ಹುಣ್ಣಿನೊಂದಿಗೆ ಬಂದರು. ನನಗೆ ನಂಬಿಕೆಯಾಗಲಿಲ್ಲ. ಕಣ್ಣು ಮುಚ್ಚಿಸಿ, ಎಳೆಯನ್ನು ಮುಟ್ಟಿಸದೆಯೇ "ಗೊತ್ತಾಯ್ತಾ ಅಜ್ಜಿ?" ಅಂದೆ. "ಹೂಂ ಕಣವ್ವ, ಚೆನ್ನಾಗ್ ಗೊತ್ತಾಯ್ತದೆ" ಅಂದರು. ಆ ಅಜ್ಜಿಯದು ಸುಳ್ಳಲ್ಲ. ಓದಿದ ಹುಡುಗಿ ಇಷ್ಟು ಅಕ್ಕರೆಯಿಂದ ಕೇಳುತ್ತಿದ್ದಾಳೆ, ಇಲ್ಲ ಎಂದರೆ ಬೇಜಾರಾದೀತು ಎಂಬ ದಾಕ್ಷಿಣ್ಯ. ನನ್ನ ದನಿಯೇ ಅವರಿಗೆ ಗ್ರಾಹಕವಾಗಿತ್ತು.

ಈಗ ಮೊದಲು ಎಳೆಯನ್ನು ಅವರ ಕೈಗೋ ಹಣೆಗೋ ಮುಟ್ಟಿಸಿ ಹೀಗಿರುತ್ತದೆ ಎಂದು ತೋರಿಸುತ್ತೇನೆ. ಆಮೇಲೆ ಕಣ್ಣು ಮುಚ್ಚಿಸಿ, "ಯಾವಾಗ ಮುಟ್ಟಿದ್ರೂ 'ಹೂಂ' ಅನ್ನಿ, ಯಾವ ಕಾಲು ಅಂತ ಹೇಳಿ" ಎಂದು ಸುಮ್ಮನಾಗುತ್ತೇನೆ. ಹೆಬ್ಬೆರಳಿನ ಮೆತ್ತೆ, ಹೆಬ್ಬೆರಳಿನ ಬುಡದ ಉಬ್ಬು, ನಡುಬೆರಳಿನ ಬುಡ, ಕಿರುಬೆರಳಿನ ಬುಡ. ಒಂದೂವರೆ ಸೆಕೆಂಡಿಗಿಂತ ಹೆಚ್ಚು ಹಿಡಿಯುವುದಿಲ್ಲ, ಒಂದೇ ಲಯದಲ್ಲಿ ಒತ್ತುವುದಿಲ್ಲ, ನಡುನಡುವೆ ಮುಟ್ಟದೆ ಸುಮ್ಮನೆ ಕಾಯುತ್ತೇನೆ. ಆಣಿ, ಜಡ್ಡು ಕಟ್ಟಿದ ಜಾಗ ಬಿಡುತ್ತೇನೆ, ದಪ್ಪ ಚರ್ಮದ ಮೇಲೆ ಯಾರಿಗೂ ಸರಿಯಾಗಿ ಗೊತ್ತಾಗುವುದಿಲ್ಲ. ಎಳೆಗೂ ದಣಿವಿದೆ. ಹತ್ತು ಜನರ ಕಾಲು ನೋಡಿದ ಮೇಲೆ ಅದಕ್ಕೆ ಒಂದು ದಿನ ರಜೆ ಕೊಡಬೇಕು, ಇಲ್ಲವಾದರೆ ಹತ್ತು ಗ್ರಾಂ ಬರುವ ಮೊದಲೇ ಬಾಗುತ್ತದೆ. ನಮ್ಮಲ್ಲಿ ಒಂದೇ ಎಳೆ ಇದ್ದಾಗ ಸೋಮವಾರದ ಹನ್ನೊಂದನೆಯವರಿಗೆ ಅನ್ಯಾಯವಾಗುತ್ತಿತ್ತು.

5. ಹೇರ್‌ಪಿನ್ ಬಿಡಿಸಿ ಆಟವಾಡಿ

ಹೊಸಬರಿಗೆ ಮೊದಲ ದಿನ ಒಂದು ಹೇರ್‌ಪಿನ್ ಕೊಡುತ್ತೇನೆ. ಎರಡು ತುದಿ ಸ್ವಲ್ಪ ಅಗಲಿಸಿ ಒಬ್ಬರ ಬೆರಳ ತುದಿಗೆ ಮುಟ್ಟಿಸಿದರೆ ಎರಡು ಮಿಲಿಮೀಟರಿನ ಅಂತರವಿದ್ದರೂ "ಎರಡು" ಎಂದು ಹೇಳಿಬಿಡುತ್ತಾರೆ. ಬೆನ್ನಿಗೆ ಮುಟ್ಟಿಸಿದರೆ ಮೂರು ಸೆಂಟಿಮೀಟರ್ ಅಗಲಿಸಿದರೂ "ಒಂದೇ" ಎನ್ನುತ್ತಾರೆ. ಅಂಗಾಲು ಎರಡರ ನಡುವೆ. 1834ರಲ್ಲೇ ಅರ್ನ್ಸ್ಟ್ ವೆಬರ್ ಕೈವಾರದ ಎರಡು ಮೊನೆಯಿಂದ ಮೈಯೆಲ್ಲ ಹೀಗೆ ಅಳೆದಿದ್ದರು. ಒಂದು ಕೈಯ ಅಂಗೈ ಮತ್ತು ಬೆರಳುಗಳಲ್ಲಿ ಸ್ಪರ್ಶ ಒಯ್ಯುವ ನರತಂತುಗಳು ಸುಮಾರು 17,000 ಎಂದು ಸ್ವೀಡನ್ನಿನವರು 1979ರಲ್ಲಿ ಲೆಕ್ಕ ಹಾಕಿದರು. ಈ ಆಟ ಆಡಿದ ಹುಡುಗರು ರೋಗಿಯ ಕಾಲನ್ನು ತಮ್ಮ ಕೈಬೆರಳಿಗೆ ಹೋಲಿಸಿ "ಇಷ್ಟೂ ಗೊತ್ತಾಗಲ್ವಾ?" ಎಂದು ಗದರುವುದು ನಿಲ್ಲುತ್ತದೆ.

6. ಮುಖ ತೊಳೆಯುವಾಗ ಏನಾಗುತ್ತದೆ ಎಂದು ಕೇಳಿ

ಒಬ್ಬ ಹೆಂಗಸು ಬಚ್ಚಲಲ್ಲಿ ಮೂರು ಸಲ ಬಿದ್ದಿದ್ದರು. ಬಿಪಿ ನೋಡಿದ್ದಾಯಿತು, ಕಿವಿ ನೋಡಿದ್ದಾಯಿತು, ಗಾಳಿ ಸೋಂಕು ಎಂದು ತಾಯಿತ ಕಟ್ಟಿಸಿದ್ದೂ ಆಯಿತು. ಬೀಳುವುದು ಯಾವಾಗ ಎಂದು ವಿಚಾರಿಸಿದರೆ, ಮೂರೂ ಸಲ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ. ಅವರ ಅಂಗಾಲು, ಹರಡು, ಸ್ನಾಯುಗಳಿಂದ ನೆಲದ ಸುದ್ದಿ ಬರುವುದು ನಿಂತು ಎಷ್ಟು ಕಾಲವಾಗಿತ್ತೋ, ಅಷ್ಟು ದಿನವೂ ಕಣ್ಣೇ ಅವರನ್ನು ನಿಲ್ಲಿಸಿತ್ತು. 128 ಹರ್ಟ್ಜ್‌ನ ಟ್ಯೂನಿಂಗ್ ಫೋರ್ಕನ್ನು ಬಡಿದು ಹೆಬ್ಬೆರಳಿನ ಮೂಳೆಯ ಮೇಲಿಟ್ಟೆ. ಏನೂ ಇಲ್ಲ. ಮೊಣಕಾಲಿನ ಚಿಪ್ಪಿನ ಮೇಲಿಟ್ಟಾಗ "ಗುಂಯ್ ಅಂತದೆ" ಅಂದರು. ಎಳೆಯ ಜೊತೆ ಫೋರ್ಕನ್ನೂ ಹಿಡಿಯಬೇಕು, ಒಂದು ಹಿಡಿಯದ್ದನ್ನು ಇನ್ನೊಂದು ಹಿಡಿಯುತ್ತದೆ.

ಈ ಹೆಂಗಸನ್ನು ನೆನೆದಾಗಲೆಲ್ಲ ನನಗೆ 2021ರ ನೊಬೆಲ್ ನೆನಪಾಗುತ್ತದೆ. ನಾವು ನೂರು ವರ್ಷದಿಂದ ಚರ್ಮಕ್ಕೆ ಕೂದಲು, ನೈಲಾನು, ಫೋರ್ಕು ಮುಟ್ಟಿಸುತ್ತಿದ್ದೆವು. ಒತ್ತಿದ ಕ್ಷಣ ಜೀವಕೋಶದ ಗೋಡೆಯಲ್ಲಿ ತೆರೆಯುವ ಬಾಗಿಲು ಯಾವುದು ಎಂಬುದು ಮಾತ್ರ ಗೊತ್ತಿರಲಿಲ್ಲ. ಬೈರೂತ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ, ಆಮೇಲೆ ಆ ನೊಬೆಲ್ ಪಡೆದ ಆರ್ಡೆಮ್ ಪಟಪೌಟಿಯನ್, ಜೊತೆಗಾರ ಬರ್ಟ್ರಾಂಡ್ ಕೋಸ್ಟ್ ಇಬ್ಬರೂ ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಹುಡುಕಿದರು. ಚುಚ್ಚಿದರೆ ಸಣ್ಣ ವಿದ್ಯುತ್ ಹೊರಡಿಸುವ ಒಂದು ಬಗೆಯ ಕೋಶ ಹಿಡಿದು, ಅನುಮಾನವಿದ್ದ 72 ಜೀನ್‌ಗಳ ಪಟ್ಟಿ ಮಾಡಿ, ಒಂದೊಂದನ್ನೇ ಬಾಯಿ ಮುಚ್ಚಿಸುತ್ತ ಹೋದರು. ಎಪ್ಪತ್ತೊಂದು ಮುಚ್ಚಿದರೂ ಕೋಶ ಮಿಡಿಯುತ್ತಲೇ ಇತ್ತು. ಕೊನೆಯದನ್ನು ಮುಚ್ಚಿದಾಗ ನಿಂತಿತು. ಪಟ್ಟಿಯನ್ನು ಕೆಳಗಿನಿಂದ ಶುರುಮಾಡಿದ್ದರೆ ಮೊದಲ ದಿನವೇ ಮುಗಿಯುತ್ತಿತ್ತು! 2010ರಲ್ಲಿ ಪ್ರಕಟಿಸಿದರು. ಗ್ರೀಕಿನಲ್ಲಿ ಒತ್ತಡ ಎಂಬರ್ಥದ ಮಾತಿನಿಂದ ಪಿಯೆಜೊ ಎಂದು ಹೆಸರಿಟ್ಟರು. ಅದರ ತಂಗಿ ಪಿಯೆಜೊ-2, ನಮ್ಮ ಸ್ಪರ್ಶದ ಮುಖ್ಯ ಬಾಗಿಲು. ಮೂರು ರೆಕ್ಕೆಯ ಫ್ಯಾನಿನಂಥ ಆಕಾರ. ಗೋಡೆ ಎಳೆದುಕೊಂಡಾಗ ರೆಕ್ಕೆ ಚಪ್ಪಟೆಯಾಗಿ ನಡುವಿನ ಕಂಡಿ ತೆರೆಯುತ್ತದೆ, ವಿದ್ಯುತ್ ಕಣಗಳು ಒಳನುಗ್ಗುತ್ತವೆ, ನರ ಮಿಡಿಯುತ್ತದೆ.

ಈ ಜೀನ್ ಹುಟ್ಟಿನಿಂದಲೇ ಕೆಲಸ ಮಾಡದ ಇಬ್ಬರ ಬಗ್ಗೆ 2016ರಲ್ಲಿ ವೈದ್ಯರು ಬರೆದರು. ನೋವು, ಬಿಸಿ, ತಂಪು ಅವರಿಗೆ ಹೆಚ್ಚುಕಮ್ಮಿ ತಿಳಿಯುತ್ತದೆ, ಕಂಪನ ತಿಳಿಯುವುದಿಲ್ಲ. ತಮ್ಮ ಕೈಕಾಲು ಎಲ್ಲಿವೆ ಎಂಬುದು ನೋಡದೆ ತಿಳಿಯುವುದಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿದರೆ ತೂರಾಡುತ್ತಾರೆ. ನಮ್ಮ ಬಚ್ಚಲಿನ ಹೆಂಗಸಿನಂತೆಯೇ. ಆ ಹೆಂಗಸಿಗೆ ನಾವು ಮಾಡಿಕೊಟ್ಟ ಚಿಕಿತ್ಸೆ ಬಹಳ ದೊಡ್ಡದೇನಲ್ಲ: ಬಚ್ಚಲ ಗೋಡೆಗೆ ಒಂದು ಸ್ಟೀಲ್ ಕಂಬಿ, ಕೂತು ಮುಖ ತೊಳೆಯಲು ಒಂದು ಮಣೆ.

7. ಮುಳ್ಳಿಗಿಂತ ನಡಿಗೆಗೆ ಹೆದರಿ

ಕಾಲು ಕಳೆದುಕೊಂಡವರ ಮನೆಯವರು ಯಾವಾಗಲೂ ಒಂದು ಮುಳ್ಳನ್ನೋ ಮೊಳೆಯನ್ನೋ ನೆನಪು ಮಾಡಿಕೊಳ್ಳುತ್ತಾರೆ. ಬಹಳ ಸಲ ಅಂಥದ್ದೇನೂ ನಡೆದಿರುವುದಿಲ್ಲ. ಅದೇ ಜಾಗದ ಮೇಲೆ ಅದೇ ಭಾರ, ದಿನಕ್ಕೆ ಐದಾರು ಸಾವಿರ ಹೆಜ್ಜೆ.

ಇದನ್ನು ಜಗತ್ತಿಗೆ ಬಿಡಿಸಿ ಹೇಳಿದವರಲ್ಲಿ ಮುಖ್ಯರು ಪಾಲ್ ಬ್ರಾಂಡ್. 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಮಿಷನರಿ ದಂಪತಿಗೆ ಹುಟ್ಟಿ, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಶಸ್ತ್ರವೈದ್ಯರಾಗಿ ಬಂದವರು. ಕುಷ್ಠ ಬಂದರೆ ಕೈಕಾಲು ಬೆರಳು ಕೊಳೆತು ಉದುರುತ್ತವೆ ಎಂದು ಎಲ್ಲರೂ ನಂಬಿದ್ದ ಕಾಲ. ಬೆರಳು ತಿನ್ನುತ್ತಿರುವುದು ರೋಗಾಣು ಅಲ್ಲ, ನೋವಿಲ್ಲದ ಬಳಕೆ ಎಂದು ಬ್ರಾಂಡ್ ತೋರಿಸಿದರು. ಬಿಸಿ ಪಾತ್ರೆ, ಒರಟು ಹಿಡಿಕೆ, ವಾಸಿಯಾಗದ ಗಾಯದ ಮೇಲೆ ಓಡಾಟ. ರಾತ್ರಿ ಮಲಗಿದವರ ಬೆರಳನ್ನು ಇಲಿ ಕಡಿದರೂ ಎಚ್ಚರವಾಗುತ್ತಿರಲಿಲ್ಲ. ಇಲಿಯ ವಿಷಯದಲ್ಲಿ ಉತ್ಪ್ರೇಕ್ಷೆ ಇದೆ ಎಂದುಕೊಂಡಿದ್ದೆ, ನಮ್ಮಲ್ಲಿಗೇ ಬರುವ ಸಕ್ಕರೆ ಕಾಯಿಲೆಯವರಲ್ಲಿ ನಾಲ್ಕು ಸಲ ಕಂಡ ಮೇಲೆ ಆ ಅನುಮಾನ ಹೋಯಿತು.

1966ರಲ್ಲಿ ಬ್ರಾಂಡ್ ಅಮೆರಿಕದ ಲೂಸಿಯಾನಾದ ಕಾರ್ವಿಲ್ ಎಂಬಲ್ಲಿದ್ದ ಕುಷ್ಠರೋಗದ ಆಸ್ಪತ್ರೆಗೆ ಹೋದರು. ಅಲ್ಲಿ ಇಲಿಗಳ ಅಂಗಾಲನ್ನು ಯಂತ್ರದಿಂದ ಮೆಲ್ಲಗೆ, ಒಮ್ಮೆ ಒತ್ತಿದರೆ ಏನೂ ಆಗದಷ್ಟು ಮೆಲ್ಲಗೆ, ದಿನಕ್ಕೆ ಸಾವಿರಾರು ಸಲ ಒತ್ತಿಸಿ ನೋಡಿದರು. ಮೊದಲು ಕೆಂಪಾಯಿತು, ಬಾತುಕೊಂಡಿತು, ಒತ್ತುವುದು ನಿಲ್ಲಿಸದಿದ್ದಾಗ ಹುಣ್ಣಾಯಿತು. ನಾನೂ ನೀವೂ ದೂರ ನಡೆದಾಗ ಇದೇ ಕೆಂಪು, ಇದೇ ಬಾವು ಶುರುವಾಗುತ್ತದೆ. ಆದರೆ ನಮಗೆ ತಿಳಿಯದಂತೆ ಕಾಲು ಓರೆ ಮಾಡಿ ಹೆಜ್ಜೆ ಇಡುತ್ತೇವೆ, ಒಂದಿಷ್ಟು ಕುಂಟುತ್ತೇವೆ, ಹತ್ತು ನಿಮಿಷ ಜಗಲಿಯ ಮೇಲೆ ಕೂರುತ್ತೇವೆ. ಸುದ್ದಿ ಬಾರದ ಕಾಲು ಕುಂಟುವುದಿಲ್ಲ. ಅಂಗಾಲಲ್ಲಿ ಹುಣ್ಣಿಟ್ಟುಕೊಂಡು ನೆಟ್ಟಗೆ ನಡೆದು ಬರುವವರನ್ನು ಕಂಡರೆ ಆವತ್ತಿನ ಮಿಕ್ಕ ಕೆಲಸ ಬದಿಗಿಡಿ. 10 ಗ್ರಾಂ ಎಳೆ ತಿಳಿಯುವ ಕಾಲಿಗೆ ಹುಣ್ಣಾಗುವುದು ಅಪರೂಪ ಎಂಬ ಗೆರೆಯನ್ನು 1986ರಲ್ಲಿ ಎಳೆದದ್ದೂ ಅದೇ ಕಾರ್ವಿಲ್‌ನವರು.

ಒಂದು ನಿದರ್ಶನ. ಹೆಬ್ಬೆರಳಿನ ಬುಡದಲ್ಲಿ ಹಳದಿ ಜಡ್ಡು, ನಡುವೆ ಕಡುಕಂದು ಬಣ್ಣದ ಒಂದು ಚುಕ್ಕೆ, ಸಾಸಿವೆಯಷ್ಟು. "ಮಣ್ಣು ಇರ್ಬೇಕು" ಎಂದು ರೋಗಿ ಉಗುರಿನಿಂದ ಕೆರೆಯುತ್ತಾರೆ, ಹೋಗುವುದಿಲ್ಲ. ಅದು ಜಡ್ಡಿನ ಕೆಳಗೆ ಒಸರಿ ಒಣಗಿದ ರಕ್ತ. ಬ್ಲೇಡಿನಿಂದ ಜಡ್ಡನ್ನು ಪದರ ಪದರವಾಗಿ ಹೆರೆಯುತ್ತ ಹೋದರೆ, ಸೌತೆಕಾಯಿಯ ಸಿಪ್ಪೆಯಂತೆ ಬಿಲ್ಲೆ ಬಿಲ್ಲೆ ಬಿದ್ದು, ಒಂದು ಹಂತದಲ್ಲಿ ಮೆತ್ತಗಾಗುತ್ತದೆ, ಕೆಳಗೆ ಗುಂಡಿ. ಹೆರೆಯುವಾಗ ಅವರು ಪಕ್ಕದವರ ಜೊತೆ ಕಬ್ಬಿನ ರೇಟು ಮಾತಾಡುತ್ತಿರುತ್ತಾರೆ.

ಬ್ರಾಂಡ್ ಕೃತಕ ನೋವನ್ನು ಕಟ್ಟಲೂ ಹೊರಟಿದ್ದರು. ಗ್ಲೌಸಿನಲ್ಲಿ, ಸಾಕ್ಸಿನಲ್ಲಿ ಒತ್ತಡ ಅಳೆಯುವ ಸಂವೇದಕಗಳು, ಒತ್ತು ಮೀರಿದರೆ ಕಿವಿಯಲ್ಲಿ ಶಬ್ದ. ಶಬ್ದವನ್ನು ರೋಗಿಗಳು ಲೆಕ್ಕಿಸಲಿಲ್ಲ. ವಿದ್ಯುತ್ ಚುರುಕು ಕೊಟ್ಟು ನೋಡಿದರು. ಮಾಡಬೇಕೆಂದಿದ್ದ ಕೆಲಸಕ್ಕೆ ಅದು ಅಡ್ಡ ಬಂದಾಗ ರೋಗಿಗಳು ಸ್ವಿಚ್ ಆಫ್ ಮಾಡಿ, ಕೆಲಸ ಮುಗಿಸಿ, ಮತ್ತೆ ಆನ್ ಮಾಡಿಕೊಂಡರು. ಬ್ರಾಂಡ್ ಯೋಜನೆ ಕೈಬಿಟ್ಟರು. ಈಗ ಒತ್ತಡ ತೋರಿಸುವ ಸ್ಮಾರ್ಟ್ ಅಟ್ಟೆಗಳನ್ನು ಮಾರಲು ಬರುವ ಹುಡುಗರಿಗೆ ನಾನು ಈ ಸ್ವಿಚ್ಚಿನ ಕತೆ ಹೇಳುತ್ತೇನೆ. ಅವರು ಬ್ರೋಷರ್ ಕೊಟ್ಟು ಹೋಗುತ್ತಾರೆ.

8. ಮರಗಟ್ಟಿದ ಕಾಲಿಗೆ ಬಿಗಿ ಶೂ ಹಿತ

ಶೂ ಅಂಗಡಿಯಲ್ಲಿ ಮರಗಟ್ಟಿದ ಕಾಲಿನವರು ಯಾವಾಗಲೂ ಒಂದು ನಂಬರ್ ಕಡಿಮೆಯದನ್ನೇ ಆರಿಸುತ್ತಾರೆ. ಸರಿಯಾದ ಅಳತೆಯದು "ಲೂಸಾಯ್ತು, ಹಾಕ್ಕೊಂಡಂಗೇ ಇಲ್ಲ" ಎನ್ನಿಸುತ್ತದೆ. ಹಿಡಿದುಕೊಂಡಿದೆ ಎಂದು ತಿಳಿಯಬೇಕಾದರೆ ಅವರಿಗೆ ಅಷ್ಟು ಒತ್ತಬೇಕು. ಹಾಗಾಗಿ ಕಾಲನ್ನು ಕಾಗದದ ಮೇಲಿಟ್ಟು ಗೆರೆ ಎಳೆದು, ಕತ್ತರಿಸಿ, ಆ ಕಾಗದವನ್ನು ಶೂ ಒಳಗೆ ಹಾಕಿ ನೋಡಲು ಹೇಳುತ್ತೇನೆ. ಮಡಿಚಿದರೆ ಬೇಡ. ಕೊಳ್ಳುವುದು ಸಂಜೆ, ಕಾಲು ಸ್ವಲ್ಪ ಊದಿಕೊಂಡಾಗ.

ಎಂಸಿಆರ್ ಚಪ್ಪಲಿಯ ಬಗ್ಗೆ ಒಂದು ಮಾತು. ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವ ಮೆತ್ತನೆ ರಬ್ಬರಿನ ಅಟ್ಟೆ ಅದರದು, ಭಾರವನ್ನು ಹಂಚುತ್ತದೆ. ಹಿಂದೆ ಕುಷ್ಠದ ಆಸ್ಪತ್ರೆಗಳಲ್ಲಿ ಅದನ್ನೇ ಕೊಡುತ್ತಿದ್ದುದರಿಂದ ಅದಕ್ಕೆ 'ಆ ರೋಗದ ಚಪ್ಪಲಿ' ಎಂಬ ಹೆಸರು ಅಂಟಿದೆ. ಒಬ್ಬರು ನಾವು ಕೊಟ್ಟದ್ದನ್ನು ಚೀಲದಲ್ಲೇ ಇಟ್ಟುಕೊಂಡು, ನಮ್ಮ ಗೇಟಿನ ಬಳಿ ಬದಲಾಯಿಸಿಕೊಂಡು ಒಳಗೆ ಬರುತ್ತಿದ್ದರು. ನನಗೆ ಸಿಟ್ಟು ಬರಲಿಲ್ಲ. ನಮ್ಮ ಚಮ್ಮಾರರ ಹತ್ತಿರ ಅದೇ ಅಟ್ಟೆಗೆ ಕಂದು ಚರ್ಮದ ಮೇಲ್ಪಟ್ಟಿ, ಹಿಂದೆ ಹಿಮ್ಮಡಿ ಪಟ್ಟಿ ಹಾಕಿಸಿದೆವು. ಬೀಗರ ಮನೆಗೂ ಹಾಕಿಕೊಂಡು ಹೋದರಂತೆ.

ಚಕ್ಕಳಮಕ್ಕಳ ಹಾಕಿ ಕೂರುವವರ ಹರಡನ್ನೂ ನೋಡಿ. ಅಲ್ಲಿ ಮೂಳೆಗೂ ನೆಲಕ್ಕೂ ನಡುವೆ ಚರ್ಮ ಬಿಟ್ಟರೆ ಏನೂ ಇಲ್ಲ. ಇಡೀ ಭಜನೆ ಮುಗಿಯುವ ತನಕ ಕಾಲು ಬದಲಿಸದೆ ಕೂತಿದ್ದರೆ ಅದನ್ನು ಭಕ್ತಿಯ ಲೆಕ್ಕಕ್ಕೆ ಮಾತ್ರ ಬರೆಯಬೇಡಿ.

9. ಹಂಡೆಯ ನೀರಿಗೆ ಕಾಲಿಡಿಸಬೇಡಿ

ನೀರು ಎಷ್ಟು ಬಿಸಿ ಎಂದು ಮೊದಲು ಮೊಣಕೈ ಅದ್ದಿ ನೋಡಲಿ. ಮನೆಯಲ್ಲಿ ಬೇರೆಯವರಿದ್ದರೆ ಅವರು ನೋಡಲಿ. ಬೇಸಿಗೆಯಲ್ಲಿ ದೇವಸ್ಥಾನದ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆಗೆ ಸಾಕ್ಸ್ ಹಾಕಿಕೊಂಡು ಹೋದರೆ ದೇವರೇನೂ ಅನ್ನುವುದಿಲ್ಲ. ಇದನ್ನು ಒಬ್ಬ ಅರ್ಚಕರ ಬಾಯಲ್ಲೇ ಹೇಳಿಸಿದ್ದೇನೆ.

10. ಮನೆಯವರ ಬೆರಳನ್ನು ಕೆಲಸಕ್ಕೆ ಹಚ್ಚಿ

ನಮ್ಮಲ್ಲಿಗೆ ಅವರು ಬರುವುದು ಮೂರು ತಿಂಗಳಿಗೊಮ್ಮೆ. ಉಳಿದ ದಿನ ಕಾಲಿನ ಸುದ್ದಿಯನ್ನು ಬೇರೆ ಯಾರಾದರೂ ತಲುಪಿಸಬೇಕು. ಕೈಹಿಂಭಾಗದಿಂದ ಎರಡೂ ಪಾದ ಮುಟ್ಟಿ, ಒಂದು ಕಡೆ ಹೆಚ್ಚು ಬಿಸಿ ಇದೆಯೇ ನೋಡುವುದು ಎಲ್ಲರಿಗೂ ಬರುತ್ತದೆ. ಒಂದೇ ಜಾಗದಲ್ಲಿ ಎರಡು ಕಾಲಿನ ನಡುವೆ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅದು ಎಚ್ಚರಿಕೆ ಎಂದು ನಾವು ಥರ್ಮಾಮೀಟರಿನಲ್ಲಿ ಅಳೆಯುತ್ತೇವೆ. ಕೈಗೆ ಡಿಗ್ರಿ ಗೊತ್ತಾಗದಿದ್ದರೂ ಬಾಣಲೆ ಹಿಡಿದು ಪಳಗಿದ ಕೈಗೆ ಬಿಸಿ ಗೊತ್ತಾಗುತ್ತದೆ.

ಇನ್ನೊಂದು, ಯಾವ ಉಪಕರಣವೂ ಬೇಡದ ಪರೀಕ್ಷೆ. ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬ ಊರಿನ ಹೆಸರು ಅದಕ್ಕೆ. ತೋರುಬೆರಳಿನಿಂದ ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಗರಿ ತಾಗಿದಂತೆ ಒಂದೆರಡು ಸೆಕೆಂಡು ಮುಟ್ಟುವುದು. ಒತ್ತಬಾರದು, ತಟ್ಟಬಾರದು, ಸವರಬಾರದು. ಆರರಲ್ಲಿ ಎರಡು ತಪ್ಪಿದರೆ ನಮ್ಮಲ್ಲಿಗೆ ಬನ್ನಿ ಎಂದು ಹೇಳಿ ಕಳಿಸುತ್ತೇವೆ.

ಚಪ್ಪಲಿ ಬಸ್ಸಿನಲ್ಲಿ ಬಿಟ್ಟು ಬಂದಿದ್ದ ಆ ಯಜಮಾನರ ಎರಡೂ ಕಾಲು ಇವತ್ತಿಗೂ ಇವೆ. ಹೋದ ವಾರ ಹೆಂಡತಿಯ ಜೊತೆ ಬಂದಿದ್ದರು. ಮನೆಯಲ್ಲಿ ಪರೀಕ್ಷೆ ಹೇಗೆ ಮಾಡುತ್ತೀರಿ, ಮಾಡಿ ತೋರಿಸಿ ಅಂದೆ. ಯಜಮಾನರು ಬೆಂಚಿನ ಮೇಲೆ ಕಾಲು ಚಾಚಿ, ಟವೆಲ್ಲಿನಿಂದ ಕಣ್ಣು ಮುಚ್ಚಿಕೊಂಡರು. ಆಕೆ ಸೆರಗು ಸಿಕ್ಕಿಸಿಕೊಂಡು ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಬೆರಳು ನೀಡುವಷ್ಟರಲ್ಲಿ ಬಳೆ ಸದ್ದಾಯಿತು.

"ಹೂಂ, ಎಡಗಾಲು, ಕಿರುಬೆರಳು" ಎಂದರು ಯಜಮಾನರು.

"ಇನ್ನೂ ಮುಟ್ಟೇ ಇಲ್ಲ ಕಣ್ರೀ" ಎಂದು ಆಕೆ ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡರು.